ಚಳಿಗಾಲದಲ್ಲಿ ನಾಟಿ ಕೋಳಿ ತತ್ತಿ ನಿಲ್ಲಿಸಿದಾಗ: ನನ್ನ ಅನುಭವ

ವಿಜಯಪುರ ಕಡೆ ದೀಪಾವಳಿ ದಾಟಿದರೆ ರೋಗವಿಲ್ಲದ ಕೋಳಿಯೂ ತತ್ತಿ ಇಡುವುದು ನಿಲ್ಲಿಸುತ್ತದೆ. ಜುಟ್ಟು ಬಿಳಿಚಿ ಕುಗ್ಗುತ್ತದೆ. ಜೋಳ, ಸಜ್ಜೆ ಹೆಚ್ಚು ಹಾಕಿದೆ, ಕೊಬ್ಬಷ್ಟೇ ಬೆಳೆಯಿತು. ಬೆಳ್ಳುಳ್ಳಿ, ಖಾರದಪುಡಿಯಿಂದ ಏನೂ ಆಗಲಿಲ್ಲ. ಕೊರತೆ ಇದ್ದದ್ದು ಪ್ರೋಟೀನು ಮತ್ತು ಬೆಳಕು.

10 ಕೋಳಿಗೆ ದಿನಕ್ಕೆ: ಗೋವಿನಜೋಳದ ನುಚ್ಚು 650 ಗ್ರಾಂ, ಶೇಂಗಾ ಹಿಂಡಿ 200, ಗೋದಿ ತೌಡು 200, ಉಪ್ಪು ಹಾಕದ ಒಣಮೀನಿನ ಪುಡಿ 50, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿ 40. ಹಿಂಡಿ ಮುರಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೇಡವೇ ಬೇಡ, ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತು ಕೆಡಿಸುತ್ತದೆ.

ಕಪ್ಪೆಚಿಪ್ಪಿನ ಚೂರು ಬೇರೆ ಬೋಗುಣಿಯಲ್ಲಿ, ಸಂಜೆ ಇಡಿ. ತತ್ತಿಯ ಸಿಪ್ಪೆ ಕಟ್ಟುವುದು ಹೆಚ್ಚಾಗಿ ರಾತ್ರಿ, ಅದಕ್ಕೆ ಬೇಕಾದ ಕ್ಯಾಲ್ಸಿಯಂ ಈ ಚಿಪ್ಪಿನಿಂದ ಸಿಗುತ್ತದೆ. ಪುಡಿಗಿಂತ ಚೂರು ನಿಧಾನವಾಗಿ ಕರಗುತ್ತದೆ, ಹಾಗಾಗಿ ರಾತ್ರಿಯೂ ಒದಗುತ್ತದೆ.

ಡಿಸೆಂಬರಿನಲ್ಲಿ ಹಗಲು ಸುಮಾರು 11 ತಾಸು. ನಸುಕಿನಲ್ಲಿ ಬಲ್ಬು ಹಚ್ಚಿ, ವಾರಕ್ಕೆ ಅರ್ಧ ತಾಸಿನಂತೆ ಹೆಚ್ಚಿಸಿ ಒಟ್ಟು 14 ತಾಸಿಗೆ ತನ್ನಿ. ಸಂಜೆ ಹಚ್ಚಿ ಒಮ್ಮೆಲೇ ಆರಿಸಿದರೆ ಕತ್ತಲಲ್ಲಿ ಕೋಳಿಗೆ ಕೂಡುವ ಕೋಲು ಸಿಗುವುದಿಲ್ಲ. ಪುಕ್ಕ ಉದುರಿಸುತ್ತಿರುವ ಕೋಳಿಗೆ ಮಾತ್ರ ಹೊಸ ಗರಿ ಬರುವವರೆಗೆ ಬಲ್ಬಿನ ಬೆಳಕು ಬೇಡ, ಆಹಾರ ಸಾಕು.