ಕೊಕ್ಕರೆ ಮಾಡಿದ್ದಕ್ಕೆ ಟೆಂಟಿನವರನ್ನು ಬೈದೆ

ನಾವು ತುಮಕೂರಿನವರು. ನಮಗೆ ದಡ ಅಂದರೆ ಕೆರೆ ದಡ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹಿನ್ನೀರಿನ ಅಂಚು ಹಿಡಿದು ನಡೆಯುವುದು ನನ್ನ ಅಭ್ಯಾಸ. ಜಲಾಶಯಕ್ಕೆ ಬಂದವರು ನೀರು ತುಂಬಿದಾಗ ತಾನಾಗಿಯೇ ಹೊರಹಾಕುವ ಸೈಫನ್ ನೋಡಿ ಹೊರಟುಬಿಡುತ್ತಾರೆ. ಹಿಂದುಗಡೆ ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ.

ಬೆಳಿಗ್ಗೆ ಆರೂವರೆಗೇ ಹೋಗಬೇಕು. ಬಿಸಿಲು ಓರೆಯಾಗಿ ಬಿದ್ದರೆ ಕೆಸರಿನಲ್ಲಿ ಹಕ್ಕಿಯ ಉಗುರಿನ ಗುರುತೂ ಕಾಣುತ್ತದೆ. ಹತ್ತು ಗಂಟೆಯಾದರೆ ಎಲ್ಲಾ ಒಂದೇ ಬಣ್ಣ.

ಆ ದಿನ ಮೊದಲು ಸಿಕ್ಕಿದ್ದು ಟೆಂಟ್ ಹಾಕಿದ್ದ ಜಾಗ. ಹುಲ್ಲು ಚೌಕವಾಗಿ ಮಲಗಿತ್ತು, ಆದರೆ ಹಳದಿ ತಿರುಗಿರಲಿಲ್ಲ. ಒಂದೇ ರಾತ್ರಿ ಇದ್ದಿರಬೇಕು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಬೂದಿ ತಣ್ಣಗಿತ್ತು, ಅದರ ಮೇಲೆ ಕುರಿಗಳ ಗೊರಸಿನ ಗುರುತು. ಹಾಗಾದರೆ ನಿನ್ನೆ ಕುರಿ ಬರುವ ಮೊದಲೇ ಎದ್ದು ಹೋಗಿದ್ದಾರೆ.

ಹತ್ತು ಹೆಜ್ಜೆ ಆಚೆ, ನೀರಿನ ಅಂಚಿನಲ್ಲಿ ಬಸವನಹುಳುವಿನ ಚಿಪ್ಪುಗಳು. ಇಪ್ಪತ್ತಕ್ಕೂ ಜಾಸ್ತಿ. ಬೇಯಿಸಿ ತಿಂದು ಎಸೆದಿದ್ದಾರೆ ಅಂತ ಬೈದುಕೊಂಡೆ. ಆಮೇಲೆ ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿ ನೋಡಿದೆ. ಮಸಿ ಇಲ್ಲ. ಒಡೆದೂ ಇಲ್ಲ. ಬಾಯಿಯ ಅಂಚಿನಲ್ಲಿ ಸಣ್ಣ ಗೀರು, ಒಳಗೆ ಖಾಲಿ. ಹುಳು ತನ್ನ ಬಾಗಿಲಿಗೆ ಹಾಕಿಕೊಳ್ಳುವ ಗಟ್ಟಿ ಮುಚ್ಚಳ ಪಕ್ಕದಲ್ಲೇ ಬಿದ್ದಿತ್ತು. ಸುತ್ತ ಉದ್ದ ಬೆರಳಿನ ಹೆಜ್ಜೆಗಳು.

ಇದು ಬಾಯ್ಕಳಕ ಕೊಕ್ಕರೆಯ ಕೆಲಸ! ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದಲ್ವಾ, ಅದೇ ಹಕ್ಕಿ. ಕೊಕ್ಕಿನ ತುದಿಯನ್ನು ಒಳಗೆ ತೂರಿಸಿ, ಮಾಂಸ ಬಿಡಿಸಿ ಎಳೆದುಕೊಳ್ಳುತ್ತದೆ. ಚಿಪ್ಪು ಬಹುಪಾಲು ಹಾಗೇ ಉಳಿಯುತ್ತದೆ. ನೀರು ಪೂರ್ತಿ ಒಣಗಿದರೆ ಹುಳು ಮುಚ್ಚಳ ಬಿಗಿದು ಕೆಸರೊಳಗೆ ಸೇರಿಬಿಡುತ್ತದೆ, ಮಳೆ ಬರುವ ತನಕ ಏಳುವುದಿಲ್ಲ. ಅದಕ್ಕೆ ಕಿವಿರೂ ಇದೆ, ಗಾಳಿ ಉಸಿರಾಡುವ ಚೀಲವೂ ಇದೆ. ಹಾಗೆ ಕೆಸರು ಸೇರುವ ಮೊದಲೇ ಗೇಣುದ್ದ ನೀರಿನಲ್ಲಿ ಸಿಕ್ಕಿದ್ದೇ ಕೊಕ್ಕರೆಗೆ ಹಬ್ಬ.

ಜಾಲಿ ಗಿಡಕ್ಕೆ ಗಾಳದ ನೈಲಾನ್ ದಾರ ಸುತ್ತಿಕೊಂಡಿತ್ತು, ಕೊಕ್ಕೆ ಸಮೇತ. ಟೆಂಟಿನವರದೋ, ಊರಿನವರದೋ, ಈ ಸಲ ಯಾರನ್ನೂ ಬೈಯಲಿಲ್ಲ. ಹಕ್ಕಿ ಕಾಲಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಆಗದ ದಾರ ಇದು. ಸುಮ್ನೆ ಎಳೆದರೆ ಬರುವುದಿಲ್ಲ, ಇನ್ನೂ ಬಿಗಿಯುತ್ತದೆ. ಚಿಕ್ಕ ಕತ್ತರಿ ಜೇಬಿನಲ್ಲೇ ಇರುತ್ತದೆ. ತುಂಡು ತುಂಡು ಮಾಡಿ ಚೀಲಕ್ಕೆ ಹಾಕಿಕೊಂಡೆ, ಕೊಕ್ಕೆಯನ್ನು ಬೆಂಕಿಪೊಟ್ಟಣದೊಳಗೆ ಇಟ್ಟೆ.

ಕುರಿ ಕಾಯುವ ಅಣ್ಣ ಅಷ್ಟು ಹೊತ್ತೂ ಹಿಂದೆ ನಿಂತು ನೋಡುತ್ತಿದ್ದ.

"ಏನ್ ಸಾರ್, ಮೀನು ಬಿತ್ತಾ?" ಅಂದ.