ಬೆಳಕು ಬಂದ ದಿನಗಳ ಚೆಕ್‌ರೋಲ್

ಧ್ಯಾನದಲ್ಲಿ ಆದ ಅನುಭವಗಳನ್ನು ಆಳುಗಳ ಹಾಜರಿಯ ಹಾಗೆ ಬರೆದಿಡುವ ನನ್ನ ಈ ಪುಸ್ತಕದ ವಿಷಯ ಹೇಳಿದಾಗ ನಮ್ಮ ಸತ್ಸಂಗದಲ್ಲಿ ನಕ್ಕವರೇ ಜಾಸ್ತಿ. "ತೋಟದವನ ಬುದ್ಧಿ ನೋಡಿ, ಆತ್ಮಕ್ಕೂ ಬಟವಾಡೆ ಬರೀತಾನೆ" ಅಂದರು. ಈಗ ಅವರಲ್ಲೇ ಇಬ್ಬರು ನಮ್ಮ ಕೊಡಗಿನ ಸುಂಟಿಕೊಪ್ಪದ ಅಂಗಡಿಯಿಂದ ಅಂಥದ್ದೇ ಉದ್ದ ಪುಸ್ತಕ ತಂದಿಟ್ಟುಕೊಂಡಿದ್ದಾರೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕೂರುವುದು, ಉಸಿರು ನೋಡುವುದು, ಜಪ, ದೀಪ ದಿಟ್ಟಿಸುವ ತ್ರಾಟಕ ಎಲ್ಲ ನಿಮಗೆ ಗೊತ್ತಿರುವುದೇ. ಅದು ಬೇಡ. ಖರ್ಚಿನಿಂದ ಶುರು ಮಾಡುತ್ತೇನೆ.

11 ವರ್ಷದಲ್ಲಿ ಸುಮಾರು 4.5 ಲಕ್ಷ ಹೋಗಿದೆ. ಬಸ್ಸು, ಕಾಣಿಕೆ, ರುದ್ರಾಕ್ಷಿ, ಪುಸ್ತಕ ಎಲ್ಲ ಸೇರಿ. ಕಾಳುಮೆಣಸಿಗೆ ಕೆಜಿಗೆ 600ರ ಮೇಲೆ ರೇಟ್ ಇದ್ದ ವರ್ಷ ಎರಡು ಚೀಲ ಮಾರಿ ಒಂದೇ ಶಿಬಿರಕ್ಕೆ ಕಟ್ಟಿದೆ. ಸಿಕ್ಕಿದ್ದು ಒಂದು ಮಂತ್ರ, ಒಂದು ಶಾಲು, ಮತ್ತೆ ಮುಂದಿನ ಹಂತಕ್ಕೆ ಇನ್ನೂ 1 ಲಕ್ಷ ಆಗುತ್ತದೆ ಅನ್ನುವ ಮಾಹಿತಿ. ಶಿಬಿರ ಇದ್ದದ್ದು ಜನವರಿಯಲ್ಲಿ. ರೋಬಸ್ಟಾ ಕಾಫಿ ಕೊಯ್ಲಿನ ಮಧ್ಯೆ! ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಎಂಟೋ ಹತ್ತೋ ಚೀಲ ನಷ್ಟ. ಕಣದಲ್ಲಿ ಕಾಫಿ ಗುಡಿಸುತ್ತಿದ್ದ ನನ್ನ ಹೆಂಡತಿ ಶಾಲು ನೋಡಿ, "ಚೆನ್ನಾಗಿದೆ, ಚಳಿಗೆ ಆಗುತ್ತೆ" ಅಂದಳು. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ದುಡ್ಡು ತೆಗೆದುಕೊಳ್ಳದ ಕಡೆಗೂ ಹೋಗಿದ್ದೇನೆ. ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಎರಡು ಸಲ ಮಾಡಿದೆ. ಬೆಳಗಿನ 4 ಗಂಟೆಗೆ ಗಂಟೆ ಬಾರಿಸುತ್ತಾರೆ, ಮಾತಿಲ್ಲ, ಕತೆಯಿಲ್ಲ. ತಪ್ಪೇನೂ ಹೇಳಲಾರೆ. ಆದರೆ ಹತ್ತನೇ ದಿನ ಮೌನ ಬಿಡಿಸುತ್ತಾರಲ್ಲ, ಆವತ್ತು ನಾನು ನನ್ನ ಮೌನದ ಬಗ್ಗೆ ನಾಲ್ಕು ಗಂಟೆ ಮಾತಾಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಓದಿದ್ದೂ ಕಡಿಮೆಯಲ್ಲ. ತತ್ವಜ್ಞಾನಿ ಜೆ. ಕೃಷ್ಣಮೂರ್ತಿ ತಮಗಾಗಿ ಬೇರೆಯವರು ಕಟ್ಟಿದ್ದ ಸಂಘವನ್ನೇ 1929ರಲ್ಲಿ ವಿಸರ್ಜಿಸಿದ ಕತೆಯನ್ನು ನಾನು ಹೇಳಿದ ಹಾಗೆ ನಮ್ಮ ಕಡೆ ಯಾರೂ ಹೇಳುತ್ತಿರಲಿಲ್ಲ. ಹೇಳಿ ಮುಗಿಸಿ ಮುಂದಿನ ಭಾನುವಾರದ ಸತ್ಸಂಗಕ್ಕೆ ಚಾಪೆ ಹಾಸಲು ನಾನೇ ಮೊದಲು ಹೋಗುತ್ತಿದ್ದೆ. ಇನ್ನೊಬ್ಬ ಚಿಂತಕ ಯು.ಜಿ. ಕೃಷ್ಣಮೂರ್ತಿ ತಮ್ಮ ದೇಹಕ್ಕೆ 1967ರಲ್ಲಿ ಆದ ಬದಲಾವಣೆಯನ್ನು 'ಅನಾಹುತ' ಎಂದು ಕರೆಯುತ್ತಿದ್ದರು, ಹುಡುಕುವುದಕ್ಕೆ ಏನೂ ಇಲ್ಲ ಅನ್ನುತ್ತಿದ್ದರು. ಅದನ್ನು ಓದಿ ನನಗೆ ಏನನ್ನಿಸಿತು ಗೊತ್ತಾ? ಆ ಅನಾಹುತ ನನಗೂ ಬೇಕು ಅನ್ನಿಸಿತು.

ಸರಿ, ಪುಸ್ತಕಕ್ಕೆ ಬರುತ್ತೇನೆ. ತೋಟದ ಗುಮಾಸ್ತ, ಅಂದರೆ ರೈಟರ್, ಬಳಸುವ ಹಳೇ ಚೆಕ್‌ರೋಲ್ ಪುಸ್ತಕ ಅದು, ಆಳುಗಳ ಹಾಜರಿ ಬರೆಯುವಂಥದ್ದು. ಅನುಭವ ಆದ ಕೂಡಲೇ ಒಂದು ಸಾಲು ಬರೆಯಬೇಕು. ತಾರೀಖು, ಏನಾಯಿತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಏನು ತಿಂದೆ, ಎಷ್ಟು ಜನರಿಗೆ ಹೇಳಿಕೊಂಡೆ. ಕೊನೆಯ ಕಾಲಂ ಹೆಂಡತಿಯದು. ಬಟವಾಡೆ ದಿನ ಸಂಜೆ ಅವಳು ಒಂದು ಪ್ರಶ್ನೆಗೆ ಉತ್ತರ ಬರೆಯುತ್ತಾಳೆ. ಉಳಿದದ್ದನ್ನು ಓದುವ ಹಾಗಿಲ್ಲ. ಆ ಪ್ರಶ್ನೆ ಏನು ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಆ ಪ್ರಶ್ನೆಗೆ ತಕ್ಕ ಹಾಗೆ ನಡೆದುಕೊಳ್ಳಲು ಶುರು ಮಾಡುತ್ತೀರಿ. ನಾನೂ ಮಾಡಿದ್ದೆ, ಅದಕ್ಕೇ ಎರಡು ಸಲ ಪ್ರಶ್ನೆ ಬದಲಾಯಿಸಬೇಕಾಯಿತು.

ಮೊದಲು ಬಿದ್ದದ್ದು ನಾದ. ಫೆಬ್ರವರಿಯಲ್ಲಿ ಬೆಳಗಿನ ಜಾವ ಕೂತರೆ ಎದೆಯೊಳಗಿಂದ ಬಂದ ಹಾಗೆ ಒಂದು ಓಂಕಾರ ಕೇಳುತ್ತಿತ್ತು. ಸಣ್ಣಗೆ, ಎಡೆಬಿಡದೆ. ಇದು ಅನಾಹತ, ಒಳಗೆ ತಾನಾಗಿ ಹುಟ್ಟುವ ನಾದ ಅಂತ ಗೆಳೆಯರು ಕೈ ಮುಗಿದರು. ಮೈಸೂರಿನಿಂದ ಒಬ್ಬರು ಬಂದು ನನ್ನ ಪಕ್ಕದಲ್ಲಿ ಕೂತೂ ಹೋದರು. ಒಂದು ಮಧ್ಯಾಹ್ನ ಪುಸ್ತಕ ತಿರುವುತ್ತಿದ್ದಾಗ ಅಂಚಿನಲ್ಲಿ ಪೆನ್ಸಿಲ್ಲಿನ ಗುರುತು ಕಂಡಿತು. ತ್ರೀ ಫೇಸ್ ಕರೆಂಟ್ ಬಂದ ಹೊತ್ತು. ಮೋಟಾರಿನ ಲೆಕ್ಕಕ್ಕೆ ಅಂತ ನಾನೇ ಬರೆದಿಟ್ಟದ್ದು. ನಾದ ಬಂದದ್ದು 14 ರಾತ್ರಿ. ಅದರಲ್ಲಿ 12 ರಾತ್ರಿ ತ್ರೀ ಫೇಸ್ ಇತ್ತು. ಗುಡ್ಡದ ಆಚೆ ಪಕ್ಕದ ತೋಟದವರು ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಕೆರೆಯ ಮೋಟಾರ್ ಓಡಿಸುತ್ತಿದ್ದರು. ನಮ್ಮ ಸರದಿಯ ರಾತ್ರಿ ನಾನೇ ಕೆರೆ ಹತ್ತಿರ ಟಾರ್ಚ್ ಹಿಡಿದು ನಿಂತಿರುತ್ತಿದ್ದೆ, ಧ್ಯಾನ ಎಲ್ಲಿಂದ ಬಂತು? ಉಳಿದ ಎರಡು ರಾತ್ರಿಗೆ ನನ್ನ ಹತ್ತಿರ ಉತ್ತರವಿಲ್ಲ. ಸತ್ಸಂಗದಲ್ಲಿ ಆ ಎರಡನ್ನೇ ಹಿಡಿದುಕೊಂಡಿದ್ದಾರೆ.

ಆಮೇಲೆ ಬೆಳಕು. ಕಣ್ಣು ಮುಚ್ಚಿದರೆ ಒಂದು ಬದಿಯಿಂದ ಗರಗಸದ ಹಲ್ಲಿನ ಹಾಗೆ ಹೊಳೆಯುವ ಗೆರೆ ಎದ್ದು ನಿಧಾನಕ್ಕೆ ಕಮಾನಾಗಿ ಬೆಳೆಯುತ್ತಿತ್ತು. ಇಪ್ಪತ್ತು ನಿಮಿಷ ಇದ್ದು ಮಾಯ. ಇದನ್ನು ನಾನು ಐದು ವರ್ಷ ಬಚ್ಚಿಟ್ಟು ಪೂಜಿಸಿದ್ದೇನೆ. ಪುಸ್ತಕದಲ್ಲಿ ನೋಡಿದರೆ ಅದು ಬಂದ ದಿನಗಳ ಹಿಂದೆಲ್ಲ ನಿದ್ದೆ ಮೂರೋ ನಾಲ್ಕೋ ಗಂಟೆ. ಕಣ್ಣಿನ ಡಾಕ್ಟರ್ ಹತ್ತಿರ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ನಾನು ಮುಗಿಸುವ ಮೊದಲೇ ಉಳಿದ ಅರ್ಧ ಬರೆದರು. ಮೈಗ್ರೇನ್ ಅಂತೆ. ಕೆಲವರಿಗೆ ತಲೆನೋವೇ ಇಲ್ಲದೆ ಬರೀ ಬೆಳಕು ಬರುತ್ತದಂತೆ. ಕಣ್ಣು ತೆರೆದಿದ್ದರೂ ಕಾಣುತ್ತದೆ, ನೋಡಿ ಅಂದರು. ಹೌದು, ಕಾಣುತ್ತದೆ. ಐದು ವರ್ಷದಲ್ಲಿ ಕಣ್ಣು ತೆರೆದು ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ.

ಮಧ್ಯೆ ಒಂದು ಮಾತು. ಕೊಡವರ ಕಕ್ಕಡ ತಿಂಗಳ 18ರ ಹೊತ್ತಿಗೆ, ಅಂದರೆ ಆಗಸ್ಟ್ ಮೊದಲ ವಾರ, ಅದೇ ಮೈಸೂರಿನವರು ಮತ್ತೆ ಬಂದಿದ್ದರು. ಮದ್ದು ಸೊಪ್ಪಿನ ಪಾಯಸ ಬಡಿಸಿದೆವು, ಎರಡು ಬಟ್ಟಲು ಹೊಡೆದರು. ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದವರ ಮುಖ ನೋಡಬೇಕಿತ್ತು. "ಒಳಗಿನದೆಲ್ಲ ಕೆಂಪಾಗಿ ಹೊರಗೆ ಹೋಗ್ತಿದೆ, ಶುದ್ಧಿ ಶುರುವಾಯ್ತು" ಅಂದರು. ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುವುದು ಕೊಡಗಿನ ಮಕ್ಕಳಿಗೂ ಗೊತ್ತು. ಹೇಳಬೇಕು ಅಂತ ಬಾಯಿ ತೆರೆದೆ. ಅವರ ಕಣ್ಣಲ್ಲಿ ನೀರಿತ್ತು. ಸುಮ್ನಾದೆ. ಇವತ್ತಿಗೂ ಹೇಳಿಲ್ಲ.

ನಿಜವಾಗಿ ಕೆಲಸ ಮಾಡಿದ್ದು 'ಎಷ್ಟು ಜನರಿಗೆ ಹೇಳಿದೆ' ಅನ್ನುವ ಕಾಲಂ. ಅದನ್ನು ಹಾಕಿದ್ದು ಸುಮ್ನೆ, ಜಾಗ ಉಳಿದಿತ್ತು ಅಂತ. ಕೂಡಿಸಿ ನೋಡಿದರೆ ಒಂದೊಂದು ಅನುಭವಕ್ಕೂ ಆರು, ಏಳು ಜನ. ಸೊನ್ನೆ ಅಂತ ಒಂದು ಕಡೆಯೂ ಇಲ್ಲ. ಆಗ ವಿಪಶ್ಯನದ ಹತ್ತನೇ ದಿನ ನೆನಪಾಯಿತು. ಒಂದು ಮಂಡಲ, 48 ದಿನ, ಏನೇ ಆದರೂ ಪುಸ್ತಕಕ್ಕೆ ಬಿಟ್ಟು ಯಾರಿಗೂ ಹೇಳಬಾರದು ಅಂತ ಹಠ ಹಿಡಿದೆ. ಹೆಂಡತಿಗೂ ಇಲ್ಲ. ಕೂರುವುದು ದಿನವೂ ಒಂದು ಗಂಟೆ, ಅದರಲ್ಲಿ ಬದಲಾವಣೆ ಇಲ್ಲ.

ಮೊದಲ ವಾರ ಒಂಬತ್ತು ಸಾಲು ಬಿತ್ತು. ಹೇಳಬೇಕು ಅಂತ ನಾಲಿಗೆ ತುರಿಸಿ ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟಿದ್ದೇನೆ. ಎರಡನೇ ವಾರ ನಾಲ್ಕೋ ಐದೋ. ಮೂರನೇ ವಾರದಲ್ಲಿ ಒಂದು, ಅದೂ ಮಂಡಿನೋವು. ಆಮೇಲೆ ಪುಟ ಖಾಲಿ. ಮೊದಲ ಯತ್ನದಲ್ಲಿ 19ನೇ ದಿನ ಬಾಯಿಬಿಟ್ಟು ಕೆಡಿಸಿಕೊಂಡಿದ್ದೆ, ಎರಡನೇ ಸಲ 31ಕ್ಕೆ. ಇದು ಮೂರನೇ ಸಲದ ಲೆಕ್ಕ. ಬಾಯಿಬಿಡದೆ ಇರಲು ಒಂದು ಸಣ್ಣ ಉಪಾಯ ಇದೆ. ಅದು ಮುಖತಃ ಸಿಕ್ಕವರಿಗೆ ಮಾತ್ರ.

48ನೇ ದಿನ ತುಲಾ ಸಂಕ್ರಮಣಕ್ಕೆ ಹತ್ತಿರ ಬಿತ್ತು. ಅಮ್ಮನನ್ನು ಕರೆದುಕೊಂಡು ತಲಕಾವೇರಿಗೆ ಹೋದೆ. ಮಂಜು, ನೂಕುನುಗ್ಗಲು, ಜನ ಕ್ಯಾನು ಹಿಡಿದು ನಿಂತಿದ್ದರು. ಹಿಂದೆಲ್ಲ ತೀರ್ಥೋದ್ಭವದ ಹೊತ್ತಿಗೆ ನನಗೆ ಮೈ ಜುಂ ಅನ್ನಲೇಬೇಕಿತ್ತು, ಅನ್ನದಿದ್ದರೆ ಅನ್ನಿಸಿಕೊಳ್ಳುತ್ತಿದ್ದೆ. ಈ ಸಲ ಕಾಲು ಒದ್ದೆಯಾಗಿ ಚಳಿ ಹತ್ತಿತು, ಅಷ್ಟೇ. "ಏನಾಯ್ತು ಮಗ, ಮಂಕಾಗಿದ್ದೀಯಲ್ಲ?" ಅಂತ ಅಮ್ಮ ಕೇಳಿದರು. ಏನೂ ಆಗಲಿಲ್ಲಮ್ಮ ಅಂದೆ. ಭಾಗಮಂಡಲಕ್ಕೆ ಇಳಿದು ಇಬ್ಬರೂ ಬಿಸಿ ಕಾಫಿ ಕುಡಿದೆವು. ಜೀಪಿನಲ್ಲಿ ಬಾಟಲಿ ಮಗುಚಿ ಅರ್ಧ ತೀರ್ಥ ಚೆಲ್ಲಿತು.

ಆ ವಾರದ ಹೆಂಡತಿಯ ಕಾಲಮಿನಲ್ಲಿ ಮೊದಲ ಸಲ 'ಪರವಾಗಿಲ್ಲ' ಅಂತ ಇತ್ತು. ನಾನು ಅದನ್ನು ಎಷ್ಟು ಜನರಿಗೆ ಹೇಳಿದ್ದೇನೆ ಅಂತ ಕೇಳಬೇಡಿ.

ಪುಸ್ತಕ ಒಂದ್ಸಲ ಕೊಡಿ, ನೋಡಿ ವಾಪಸ್ ಮಾಡ್ತೀವಿ ಅಂತ ಸತ್ಸಂಗದ ಆ ಇಬ್ಬರು ಕೇಳುತ್ತಿದ್ದಾರೆ. ಕೊಡುವ ಹಾಗಿಲ್ಲ. ಖಾಲಿ ಪುಟಗಳಲ್ಲಿ ಅವಳು ಈ ವರ್ಷದ ಮೆಣಸಿನ ಲೆಕ್ಕ ಶುರು ಮಾಡಿದ್ದಾಳೆ.