ಶ್ರೀಲಂಕಾಗೆ ಹೊರಟವರಿಗೆ: ಮೊದಲು ತಿಂಗಳು ನೋಡಿ, ಆಮೇಲೆ ಜಾಗ

ಬೆಂಗಳೂರಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಒಂದೂವರೆ ಗಂಟೆಯಷ್ಟೆ. ಅದಕ್ಕೇ ಜನ ಯೋಚನೆ ಮಾಡದೆ ಟಿಕೆಟ್ ಮಾಡಿಬಿಡುತ್ತಾರೆ. ನಾವೂ ಹಾಗೇ ಮಾಡಿದ್ದು. ಜುಲೈನಲ್ಲಿ ದಕ್ಷಿಣ ತೀರದ ಮಿರಿಸ್ಸಾಗೆ ಹೋಗಿ, ನೀರಿಗಿಳಿಯಬೇಡಿ ಅಂತ ಕೆಂಪು ಬಾವುಟ ನೆಟ್ಟ ಬೀಚನ್ನು ಎರಡು ದಿನ ರೂಮಿನ ಕಿಟಕಿಯಿಂದ ನೋಡಿಕೊಂಡು ಕೂತಿದ್ದೆವು!

ಆ ಪುಟ್ಟ ದೇಶಕ್ಕೆ ಎರಡು ಮಳೆಗಾಲ. ಮೇನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಗಾರೇ ಅಲ್ಲಿನ ನೈರುತ್ಯ ಭಾಗಕ್ಕೆ ಬಡಿಯುತ್ತದೆ. ಆಗ ಪೂರ್ವ ತೀರಕ್ಕೆ ಹೋಗಿ: ಟ್ರಿಂಕೊಮಲಿ ಹತ್ತಿರದ ನಿಲಾವೆಲಿ, ಸರ್ಫಿಂಗ್ ಇಷ್ಟ ಇದ್ದರೆ ಅರುಗಂ ಬೇ. ದಾರಿಯಲ್ಲಿ ಸಿಗಿರಿಯಾ ಬಂಡೆ ಹತ್ತಬಹುದು. ಸುಮಾರು 1,200 ಮೆಟ್ಟಿಲು, ಬೆಳಗ್ಗೆ 7ಕ್ಕೇ ಶುರು ಮಾಡಿ. ಆಗಸ್ಟ್, ಸೆಪ್ಟೆಂಬರ್ ಆದರೆ ಪಕ್ಕದ ಮಿನ್ನೇರಿಯಾ ಕೆರೆಗೆ ಆನೆಗಳ ಹಿಂಡೇ ಇಳಿಯುತ್ತದೆ.

ಕ್ರಿಸ್ಮಸ್ ರಜೆ, ಸಂಕ್ರಾಂತಿಗೆ ಹೋಗುವವರಿಗೆ ಇದರ ಉಲ್ಟಾ. ಎರಡನೇ ಮಳೆ ಆಗ ಪೂರ್ವಕ್ಕೆ, ಅದು ಬಿಡಿ, ಗಾಲೆ ಕೋಟೆ, ಮಿರಿಸ್ಸಾ ಕಡೆ ಹೋಗಿ. ನೀಲಿ ತಿಮಿಂಗಿಲ ನೋಡೋಕೆ ಬೋಟ್ ಹೊರಡೋದೂ ಆಗಲೇ. ವಾಂತಿ ಮಾತ್ರೆ ಮರೀಬೇಡಿ.

ಟೀ ತೋಟಗಳ ಬೆಟ್ಟದೂರು ನುವರ ಎಲಿಯ ಸುಮಾರು 1,870 ಮೀಟರ್ ಎತ್ತರ, ಅಂದರೆ ನಮ್ಮೂರಿನ ಎರಡರಷ್ಟು. ಸ್ವೆಟರ್ ಬೇಕೇ ಬೇಕು. ಆದರೆ ಮುನ್ನಾರ್ ನೋಡಿದವರು ಬರೀ ಟೀ ತೋಟಕ್ಕೆ ಅಂತ ಅಷ್ಟು ದೂರ ಹೋಗಬೇಕಾ? ನನಗೇನೋ ಬೇಡ ಅನಿಸುತ್ತದೆ. ಆದರೆ ಅಲ್ಲಿಂದ ‘ಎಲ್ಲಾ’ ಅನ್ನೋ ಊರಿಗೆ ಹೋಗುವ ರೈಲಿನ ಮಜಾ ಬೇರೆ, ಅಲ್ವಾ? ಓಡುತ್ತಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಐದು ದಿನ ಇದ್ದರೆ ಎರಡೇ ಊರು ಸಾಕು. ನಕಾಶೆಯಲ್ಲಿ 100 ಕಿಲೋಮೀಟರ್ ಕಂಡರೂ ಘಾಟಿ ರಸ್ತೆಯಲ್ಲಿ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ.